ಕೆನಡಾದ ‘ಶೀಲ್ಡ್’ಗೆ ಗುರಾಣಿ ಎನ್ನಬಹುದೇ?

ಬಳಗದವರಿಗೆ ನಮಸ್ಕಾರ.

ಮಕ್ಕಳಿಗಾಗಿ ಕೆನಡಾದ ಭೂಗೋಳದ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಮೊದಲ ಪುಟದಲ್ಲೇ ತೊಡಕು. ಆ ದೇಶದ ಹೆಚ್ಚುಕಡಿಮೆ ಅರ್ಧ ನೆಲವನ್ನು ವ್ಯಾಪಿಸಿರುವ, ಪುರಾತನ ಬಂಡೆಯ ನೆಲವಾದ ‘ಕೆನೇಡಿಯನ್ ಶೀಲ್ಡ್’ಗೆ ಕನ್ನಡದಲ್ಲಿ ಏನೆನ್ನುವುದು? ‘ಗುರಾಣಿ ಪ್ರದೇಶ’ ಎಂದು ಬರೆದು, ಆರನೆಯ ತರಗತಿಯಲ್ಲಿರುವ ತಂಗಿಯ ಮಗಳಿಗೆ ಓದಿ ಹೇಳಿದೆ. “ಆ ಗುರಾಣಿ ಯಾವುದನ್ನು ಕಾಯುತ್ತದೆ, ದೊಡ್ಡಮ್ಮ?” ಎಂದಳು. ಅದು ಏನನ್ನೂ ಕಾಯುವುದಿಲ್ಲ. ನನ್ನ ಬಳಿ ಉತ್ತರವಿರಲಿಲ್ಲ.

ಆಸ್ಟ್ರಿಯಾದ ಭೂವಿಜ್ಞಾನಿ ಎಡುವರ್ಡ್ ಸ್ಯೂಸ್ ಜರ್ಮನ್ ಭಾಷೆಯಲ್ಲಿ ಬಳಸಿದ ಪದ ಇಂಗ್ಲಿಷಿಗೆ ‘ಶೀಲ್ಡ್’ ಆಗಿ ಬಂತು. ಹೋಲಿಕೆ ಇರುವುದು ಆಕಾರದಲ್ಲಿ: ನಡುವೆ ಮೆಲ್ಲಗೆ ಉಬ್ಬಿ ಅಂಚಿನ ಕಡೆಗೆ ಇಳಿಯುವ ಚಪ್ಪಟೆ ಗುರಾಣಿ. ತಮಾಷೆಯೆಂದರೆ ಕೆನಡಾಕ್ಕೆ ಅದೂ ಪೂರ್ತಿ ಹೊಂದುವುದಿಲ್ಲ. ಅಲ್ಲಿನ ಶಿಲಾನೆಲ ಹಡ್ಸನ್ ಕೊಲ್ಲಿಯನ್ನು ಕುದುರೆಲಾಳದಂತೆ ಸುತ್ತುವರಿದಿದೆ, ನಡುಭಾಗ ತಗ್ಗಿ ಸಮುದ್ರವಾಗಿದೆ. ಗುರಾಣಿ ಎನ್ನಲೇಬೇಕಾದರೆ ಅಂಗಾತ ಮಲಗಿಸಿದ ಗುರಾಣಿ ಎನ್ನಬೇಕು.

ಈ ಶಿಲಾನೆಲದ ಮೇಲೆಯೇ ಇರುವ ಸಡ್ಬರಿ ಊರಿನ ಗೆಳತಿ ಹೇಳಿದ್ದು ನನಗೆ ಹೆಚ್ಚು ನೆರವಾಯಿತು. ಹಿತ್ತಲಿನಲ್ಲಿ ಟೊಮೆಟೊ ಸಸಿ ನೆಡಲು ಅಗೆದರೆ ಅರ್ಧ ಮೊಳಕ್ಕೇ ಗುದ್ದಲಿ ಠಣ್ ಎಂದಿತಂತೆ; ಮಣ್ಣನ್ನು ಚೀಲಗಟ್ಟಲೆ ಕೊಂಡು ತಂದಳಂತೆ. ಹಿಮಯುಗದ ಮಂಜುಗಡ್ಡೆ ಮೇಲ್ಮಣ್ಣನ್ನು ಕೆರೆದುಕೊಂಡು ಹೋಗಿದೆ. ಬಂಡೆಯ ಮೇಲೆ ಆ ಗೀರುಗಳು ಇಂದಿಗೂ ಇವೆ. ಪಶ್ಚಿಮದ ಪ್ರೈರಿ ಬಯಲಿನಡಿಯಲ್ಲೂ ಇದೇ ಪುರಾತನ ಬಂಡೆ ಇದೆ, ಆದರೆ ಅಲ್ಲಿ ಅದರ ಮೇಲೆ ಪದರಶಿಲೆಗಳು ಹೊದ್ದುಕೊಂಡಿವೆ. ‘ಶೀಲ್ಡ್’ ಎಂದರೆ ಅದು ಬೆತ್ತಲಾಗಿ ಕಾಣುವ ಭಾಗ. ಹಾಗಾಗಿ ‘ತಳಬಂಡೆ’ ಎಂದರೂ ಸಾಲದು, ಅದು ಎರಡೂ ಕಡೆಗೆ ಸಲ್ಲುತ್ತದೆ.

ಈ ಪದ ಕೆನಡಾಕ್ಕಷ್ಟೇ ಬೇಕಾದದ್ದಲ್ಲ. ನಮ್ಮ ದಕ್ಷಿಣ ಭಾರತದ್ದೂ ಇಂಥದೇ ನೆಲ. ಲಾಲ್‌ಬಾಗ್‌ನಲ್ಲಿ ಕೆಂಪೇಗೌಡ ಗೋಪುರ ನಿಂತಿರುವ ಬಂಡೆಗೆ ಸುಮಾರು 300 ಕೋಟಿ ವರ್ಷ. ಕೆನಡಾದ ವಾಯವ್ಯದ ಅಕಾಸ್ಟಾ ಶಿಲೆಗೆ ಸುಮಾರು 400 ಕೋಟಿ. ನಾವು ನಿಂತಿರುವ ನೆಲಕ್ಕೂ ಒಗ್ಗುವ ಹೆಸರು ಬೇಕು. ‘ಆದಿಶಿಲಾ ಪ್ರದೇಶ’ ಅರ್ಥಕ್ಕೆ ಸರಿ, ಕಿವಿಗೆ ಮಾತ್ರ ಯಾವುದೋ ಕ್ಷೇತ್ರದ ಹೆಸರಿನಂತಿದೆ. ನನ್ನ ಒಲವು ‘ಹಾಸುಬಂಡೆ ಸೀಮೆ’ಯ ಕಡೆಗೆ. ಹಾಸುಬಂಡೆ ಎಂದೊಡನೆ ರಾಗಿ ಒಣಹಾಕುವಷ್ಟು ಜಾಗ ಕಣ್ಣಿಗೆ ಬರುತ್ತದೆ, ಲಕ್ಷಾಂತರ ಚದರ ಕಿಲೋಮೀಟರ್ ಅಲ್ಲ ಎಂಬ ಆಕ್ಷೇಪ ಬರಬಹುದು. ‘ಸೀಮೆ’ ಆ ಕೊರತೆಯನ್ನು ತುಂಬುತ್ತದೆ ಎಂದುಕೊಂಡಿದ್ದೇನೆ. ಒಪ್ಪುವಿರಾ?

ಇನ್ನೊಂದು ಪದ ‘ಪಿಂಗೊ’, ಅದೊಂದು ಬಗೆಯ ದಿಬ್ಬ. ಇದನ್ನು ಅನುವಾದಿಸದಿರುವುದೇ ಮೇಲು. ಆರ್ಕ್ಟಿಕ್ ತೀರದ ಟಕ್ಟೊಯಾಕ್ಟಕ್ ಸುತ್ತಮುತ್ತ ಇಂಥ ದಿಬ್ಬಗಳು ಬಹಳ. ಇಬ್ಯುಕ್ ಎಂಬುದು ಸುಮಾರು 50 ಮೀಟರ್ ಎತ್ತರವಿದೆ. ಒಳಗೆ ಮಂಜುಗಡ್ಡೆಯ ತಿರುಳು, ಹೊರಗೆ ಮಣ್ಣು, ಹುಲ್ಲು. ‘ಹಿಮಗುಡ್ಡ’ ಎಂದರೆ ಓದುಗ ಬೆಳ್ಳನೆಯ ರಾಶಿಯನ್ನು ಊಹಿಸಿಕೊಳ್ಳುತ್ತಾನೆ. ಅಲ್ಲಿಯ ಜನರ ಮಾತಿನಲ್ಲಿ ಪಿಂಗೊ ಎಂದರೆ ಸಣ್ಣ ಗುಡ್ಡ. 1938ರಲ್ಲಿ ಪೋರ್ಸಿಲ್ಡ್ ಎಂಬ ಸಸ್ಯವಿಜ್ಞಾನಿ ಅದನ್ನು ವಿಜ್ಞಾನದ ಬರಹಕ್ಕೆ ತಂದರು. ಇಂಗ್ಲಿಷಿನವರೇ ಎರವಲು ಪಡೆದ ಪದವನ್ನು ನಾವೂ ನೇರವಾಗಿ ಪಡೆಯೋಣ.

ಇದೇ ಲೆಕ್ಕದಲ್ಲಿ ಕೆನಡಾದ ಮೂಲನಿವಾಸಿಗಳಾದ ಕ್ರೀ ಜನರಿಂದ ಬಂದ ‘ಮಸ್ಕೆಗ್’ ಅನ್ನೂ ಹಾಗೆಯೇ ಇಡಬೇಕಾಗುತ್ತದೆ. ಆದರೆ ಇಲ್ಲಿ ನನ್ನ ಮನಸ್ಸು ಕದಲುತ್ತದೆ. ಹಡ್ಸನ್ ಕೊಲ್ಲಿಯ ತಗ್ಗುನೆಲದಲ್ಲಿ ನೀರು ಬಸಿಯದೆ, ಹಾವಸೆ ಪೂರ್ತಿ ಕೊಳೆಯದೆ ಪದರಪದರವಾಗಿ ಕೂತು ಆದ ನೆಲ ಅದು. ಕಾಲಿಟ್ಟರೆ ಹಾಸಿಗೆಯಂತೆ ಕುಸಿಯುತ್ತದೆ. ಜೌಗು ಎಂದರೆ ಸಪ್ಪೆ. ನಮ್ಮಜ್ಜಿ ‘ಹುದುಲು’ ಎನ್ನುತ್ತಿದ್ದರು, ದನದ ಕಾಲು ಹೂತುಹೋಗುವ ಗದ್ದೆಯ ಮೂಲೆಗೆ. ಅದು ಬರಿಯ ಕೆಸರೋ, ಅಥವಾ ಮೇಲೆ ಹಸಿರು ಹೊದ್ದು ಒಳಗೆ ಟೊಳ್ಳಾದ ನೆಲಕ್ಕೂ ಹಾಗೆನ್ನುವುದುಂಟೋ? ನಿಮ್ಮ ಕಡೆ ಈ ಮಾತು ಬಳಕೆಯಲ್ಲಿದ್ದರೆ ಎಂಥ ನೆಲಕ್ಕೆ ಹೇಳುತ್ತಾರೆ ಎಂಬುದನ್ನು ದಯವಿಟ್ಟು ತಿಳಿಸಿ.