ಪದಚರ್ಚೆ: ಡಿಸ್ಕ್ ‘ಸ್ಟ್ರೈಪಿಂಗ್’ಗೆ ಪಟ್ಟೆ ಅನ್ನೋಣವೇ, ಹಂಚಿಕೆ ಅನ್ನೋಣವೇ?

ಗೆಳೆಯರೇ, ನಮಸ್ಕಾರ.

ಲಿನಕ್ಸ್ (ವಿಂಡೋಸ್‌ನಂಥ ಒಂದು ಕಾರ್ಯಾಚರಣೆ ವ್ಯವಸ್ಥೆ) ಅಳವಡಿಸುವ ಬಗ್ಗೆ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಎರಡು ಎಸ್‌ಎಸ್‌ಡಿಗಳನ್ನು ರೇಡ್ 0 ಆಗಿ, ಅಂದರೆ ಒಂದೇ ಡಿಸ್ಕಿನಂತೆ ಕೆಲಸ ಮಾಡುವ ಹಾಗೆ ಸೇರಿಸಿ, ಅದರಿಂದಲೇ ಕಂಪ್ಯೂಟರ್ ಬೂಟ್ ಮಾಡುವ (ಶುರು ಮಾಡುವ) ಅಧ್ಯಾಯ ಈಗ ಕೈಯಲ್ಲಿದೆ. ಡಿಸ್ಕ್, ಬೂಟ್, ರೇಡ್ ಪದಗಳನ್ನು ಹಾಗೇ ಬಿಟ್ಟಿದ್ದೇನೆ. ‘ಸ್ಟ್ರೈಪ್’ ಮಾತ್ರ ಸರ್ವರ್ ನೋಡಿಕೊಳ್ಳುವವರನ್ನು ಬಿಟ್ಟರೆ ಬೇರೆ ಯಾರಿಗೂ ಏನೂ ಹೇಳುವುದಿಲ್ಲ.

ಮೊದಲು ಸ್ಟ್ರೈಪಿಂಗ್‌ನಲ್ಲಿ ನಡೆಯುವುದೇನು ಅಂತ ನೋಡೋಣ. ಲಿನಕ್ಸ್‌ನ ಎಂಡಿಎಡಿಎಂ (ಡಿಸ್ಕುಗಳನ್ನು ರೇಡ್ ಆಗಿ ಸೇರಿಸುವ ತಂತ್ರಾಂಶ), ನಾವು ಬೇರೆ ಅಳತೆ ಕೊಡದಿದ್ದರೆ, 512 ಕೆಬಿ ತುಂಡುಗಳಲ್ಲಿ ಬರೆಯುತ್ತದೆ. 4 ಎಂಬಿಯ ಒಂದು ಫೋಟೋ ಇದ್ದರೆ ಎಂಟು ತುಂಡು. ಮೊದಲನೆಯದು ಈ ಡಿಸ್ಕಿಗೆ, ಎರಡನೆಯದು ಆ ಡಿಸ್ಕಿಗೆ, ಮತ್ತೆ ಈ ಡಿಸ್ಕಿಗೆ, ಇಸ್ಪೀಟ್ ಎಲೆ ಹಂಚಿದ ಹಾಗೆ. ಎರಡೂ ಡಿಸ್ಕ್ ಒಟ್ಟಿಗೆ ದುಡಿಯುವುದರಿಂದ ದೊಡ್ಡ ಫೈಲುಗಳ ವೇಗ ಜಾಸ್ತಿ.

ಹಾಗಾಗಿ ‘ಹಂಚಿಕೆ’ ತಾನಾಗಿ ಬಾಯಿಗೆ ಬರುತ್ತದೆ. ಆದರೆ ನನಗೆ ಅದರ ಬಗ್ಗೆ ಭಯವಿದೆ. ‘ಫೈಲುಗಳನ್ನು ಎರಡು ಡಿಸ್ಕಿಗೆ ಹಂಚಲಾಗುತ್ತದೆ’ ಅಂತ ಓದಿದವರು, ಒಂದು ಡಿಸ್ಕ್ ಕೆಟ್ಟರೂ ಅರ್ಧ ಫೈಲುಗಳಾದರೂ ಉಳಿಯುತ್ತವೆ ಅಂದುಕೊಳ್ಳುತ್ತಾರೆ. ಹಾಗೆ ಉಳಿಯುವುದಿಲ್ಲ. ಯಾವ ಫೈಲು ಎಲ್ಲಿದೆ ಅನ್ನುವ ಲೆಕ್ಕವೂ ಚೂರುಚೂರಾಗಿ ಎರಡೂ ಕಡೆ ಇರುತ್ತದೆ. ಒಂದು ಡಿಸ್ಕ್ ಹೋದರೆ ಇಡೀ ಕೂಟವೇ (ಎರಡೂ ಡಿಸ್ಕ್ ಸೇರಿ ಆದ ‘ಅರೇ’) ತೆರೆಯುವುದಿಲ್ಲ. 1988ರ ಪ್ರಬಂಧದಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದ ಪ್ಯಾಟರ್ಸನ್, ಗಿಬ್ಸನ್, ಕ್ಯಾಟ್ಜ್ ‘ರೇಡ್’ ಅನ್ನು ವಿವರಿಸಿದಾಗ 1ರಿಂದ 5ರವರೆಗೆ ಮಾತ್ರ ಹಂತಗಳಿದ್ದವು (ಡಿಸ್ಕುಗಳನ್ನು ಸೇರಿಸುವ ಬಗೆಗಳು). ಎಲ್ಲದರಲ್ಲೂ ಕೆಟ್ಟ ಡಿಸ್ಕನ್ನು ತಾಳಿಕೊಳ್ಳುವ ಏರ್ಪಾಡಿತ್ತು. ಅದಿಲ್ಲದ ರೇಡ್ 0 ಆಮೇಲೆ ಸೇರಿದ್ದು. ಕನ್ನಡದ ಪದ ಈ ಅಪಾಯವನ್ನು ಮರೆಮಾಡಬಾರದು, ಅಲ್ವಾ?

ಅದಕ್ಕೇ ನನ್ನ ಒಲವು ‘ಪಟ್ಟೆ’ಯ ಕಡೆಗೆ. ಹುಲಿಯ ಮೈಮೇಲಿನ ಪಟ್ಟೆ ಎಲ್ಲರಿಗೂ ಗೊತ್ತು. ಇನ್ನೊಂದು ಅನುಕೂಲವೂ ಇದೆ. ಒಂದು ಡಿಸ್ಕಿನ ಮೇಲಿರುವುದು ‘ತುಂಡು’, ಎಲ್ಲ ಡಿಸ್ಕುಗಳನ್ನೂ ಅಡ್ಡ ಹಾಯುವ ಒಂದು ಪೂರ್ತಿ ಸಾಲು ‘ಪಟ್ಟೆ’. ಮೇಲಿನ ಉದಾಹರಣೆಯಲ್ಲಿ ತುಂಡು 512 ಕೆಬಿ, ಪಟ್ಟೆ 1 ಎಂಬಿ. ಇಂಗ್ಲಿಷ್ ಕೈಪಿಡಿಗಳಲ್ಲೇ ಇವೆರಡನ್ನೂ ಕಲಸಿಬಿಡುತ್ತಾರೆ. ‘ಪಟ್ಟಿ’ ಮಾತ್ರ ಬೇಡ, ಲಿಸ್ಟ್‌ಗೆ ಅದು ಆಗಲೇ ಬಳಕೆಯಲ್ಲಿದೆ.

ತೊಡಕಿರುವುದು ಕ್ರಿಯಾಪದದಲ್ಲಿ. ‘ಪಟ್ಟೆ ಹಾಕು’ ಅಂದರೆ ಬಣ್ಣ ಬಳಿದಂತೆ ಕೇಳುತ್ತದೆ. ‘ಪಟ್ಟೆಯಾಗಿ ಬರೆ’ ಸಾಕೇ? ‘ಅರೇ’ಗೆ ಸದ್ಯ ‘ಕೂಟ’ ಬಳಸಿದ್ದೇನೆ. ‘ಸರಣಿ’ ಪ್ರೋಗ್ರಾಮಿಂಗ್ ಪಾಠಗಳ ಪದ, ಇಲ್ಲಿ ಹೊಂದುವುದಿಲ್ಲ ಅನಿಸಿತು.

ಬೂಟ್ ಭಾಗಕ್ಕೆ ಹೀಗೆ ಬರೆದಿದ್ದೇನೆ, ತಿದ್ದಿ ಕೊಡಿ:

‘ಕಂಪ್ಯೂಟರ್ ಆನ್ ಆದಾಗ ಯುಇಎಫ್‌ಐಗೆ (ಮದರ್‌ಬೋರ್ಡಿನಲ್ಲಿದ್ದು ಮೊದಲು ಓಡುವ ತಂತ್ರಾಂಶ) ಈ ಕೂಟ ಕಾಣುವುದಿಲ್ಲ, ಬಿಡಿ ಡಿಸ್ಕುಗಳಷ್ಟೇ ಕಾಣುತ್ತವೆ. ಆದ್ದರಿಂದ ಇಎಫ್‌ಐ ಪಾರ್ಟಿಶನ್ನನ್ನು (ಬೂಟ್ ಫೈಲುಗಳಿರುವ ಡಿಸ್ಕಿನ ಭಾಗ) ಕೂಟಕ್ಕೆ ಸೇರಿಸದೆ, ಒಂದು ಡಿಸ್ಕಿನಲ್ಲಿ ಫ್ಯಾಟ್ (ಯುಇಎಫ್‌ಐ ಓದಬಲ್ಲ ಫೈಲ್ ವ್ಯವಸ್ಥೆ) ಆಗಿಯೇ ಇಡಿ. ಕರ್ನೆಲ್ (ಲಿನಕ್ಸ್‌ನ ತಿರುಳು) ಶುರುವಾದ ಮೇಲೆ ಇನಿಟ್‌ರಾಮ್‌ಎಫ್‌ಎಸ್ (ಮೆಮೊರಿಗೆ ತುಂಬಿಕೊಳ್ಳುವ ಆರಂಭದ ಪುಟ್ಟ ವ್ಯವಸ್ಥೆ) ಎರಡೂ ಡಿಸ್ಕುಗಳನ್ನು ಹುಡುಕಿ ಕೂಟ ಕಟ್ಟುತ್ತದೆ.’

ಡಿಸ್ಕುಗಳನ್ನು ಜೋಡಿಸುವ ‘ಅಸೆಂಬಲ್’ಗೆ ‘ಕೂಟ ಕಟ್ಟು’ ನಿಮ್ಮ ಕಿವಿಗೆ ಸರಿ ಕೇಳುತ್ತದೆಯೇ? ಡೇಟಾ ಸೆಂಟರಿನಲ್ಲಿ ಕೆಲಸ ಮಾಡುವವರು ಇದಕ್ಕೆಲ್ಲ ತಮ್ಮ ನಡುವೆ ಏನನ್ನುತ್ತೀರಿ, ದಯವಿಟ್ಟು ತಿಳಿಸಿ.