ಇಂಗ್ಲಿಷ್ ಪೇಪರ್‌ಗೆ ಲೈಬ್ರರಿ ಸರ್ಚ್: ಏನು ಹಾಕಿದರೂ ಸೊನ್ನೆ!

ಕೊನೆಬೆಂಚು: ತಲೆ ಕೆಟ್ಟು ಹೋಗಿದೆ. ಪೇಪರ್‌ಗೆ ಐದು ಪೀರ್ ರಿವ್ಯೂಡ್ (ಆ ವಿಷಯದ ತಜ್ಞರು ಪರಿಶೀಲಿಸಿದ) ಲೇಖನ ಬೇಕಂತೆ. ಲೈಬ್ರರಿ ಸೈಟಿನಲ್ಲಿ ಹುಡುಕಿದರೆ ಒಂದೂ ಬರುವುದಿಲ್ಲ. ಬ್ರೌಸರ್ ಬದಲಿಸಿದೆ, ಅದೇ ಕಥೆ. ಬೇಗ ಯಾರಾದರೂ ಹೇಳಿ.

ಅಡಿಟಿಪ್ಪಣಿ: ಕ್ಯಾಂಪಸ್ ಹೊರಗಿದ್ದೀರಾ? ಪ್ರಾಕ್ಸಿ ಲಾಗಿನ್ (ಹೊರಗಿಂದಲೂ ಲೈಬ್ರರಿಯ ಚಂದಾ ಬಳಸಲು ಬಿಡುವ ಲಾಗಿನ್) ಆಗಿರುವುದಿಲ್ಲ. ಲೈಬ್ರರಿ ಸೈಟಿನ ಲಿಂಕ್ ಹಿಡಿದೇ ಜರ್ನಲ್ ಲೇಖನಗಳ ಆನ್‌ಲೈನ್ ಸಂಗ್ರಹವಾದ ಜೆಸ್ಟೋರ್‌ಗೆ ಹೋಗಿ.

ಕೊನೆಬೆಂಚು: ಲೈಬ್ರರಿಯೊಳಗೇ ಕೂತಿದ್ದೇನೆ.

ಅಡಿಟಿಪ್ಪಣಿ: ಮೊಬೈಲ್ ಡೇಟಾ ಆನ್ ಇದ್ದರೆ ಒಳಗೆ ಕೂತರೂ ಹೊರಗಿದ್ದ ಹಾಗೇ. ವೈಫೈ ನೋಡಿ. ಪ್ರಾಕ್ಸಿಯದೇ ತೊಂದರೆ, ಬರೆದಿಟ್ಟುಕೊಳ್ಳಿ.

ರ‍್ಯಾಕ್‌ಮೂಲೆ: ಪ್ರಾಕ್ಸಿ ಕೈಕೊಟ್ಟರೆ ಲೇಖನ ತೆರೆಯುವುದಿಲ್ಲ ಅಷ್ಟೇ, ಪಟ್ಟಿಯಂತೂ ಬರುತ್ತದೆ. ಕೊನೆಬೆಂಚು ಅವರೇ, ವಿಷಯ ಯಾವುದು? ಯಾವ ಬಾಕ್ಸಿನಲ್ಲಿ ಏನು ಟೈಪ್ ಮಾಡಿದಿರಿ?

ಕೊನೆಬೆಂಚು: ಫ್ರಾಂಕನ್‌ಸ್ಟೈನ್. ಮೇರಿ ಶೆಲ್ಲಿಯ ಕಾದಂಬರಿ. ಅದರಲ್ಲಿ ವಿಜ್ಞಾನಿ ಸೃಷ್ಟಿಸಿದ ಜೀವಿಯ ಒಂಟಿತನ ಹಿಂಸೆಗೆ ಹೇಗೆ ಕಾರಣವಾಗುತ್ತದೆ ಅಂತ ಮೇಡಂ ಕೊಟ್ಟ ಪ್ರಶ್ನೆ. ಅದನ್ನೇ ಪೂರ್ತಿ ಇಂಗ್ಲಿಷಿನಲ್ಲಿ ಕ್ಯಾಟಲಾಗ್ ಬಾಕ್ಸಿಗೆ ಹಾಕಿದೆ. ಇನ್ನೆಲ್ಲಿ ಹಾಕೋದು?

ರ‍್ಯಾಕ್‌ಮೂಲೆ: ಅಲ್ಲೇ ಇದೆ ನೋಡಿ. ಬರೀ ಕ್ಯಾಟಲಾಗ್ ಆದರೆ ಅದಕ್ಕೆ ಪುಸ್ತಕ ಗೊತ್ತು, ಜರ್ನಲ್ ಹೆಸರು ಗೊತ್ತು. ಜರ್ನಲ್ ಒಳಗಿನ ಲೇಖನ ಗೊತ್ತಿರುವುದಿಲ್ಲ. ಡೇಟಾಬೇಸ್ ಪಟ್ಟಿಗೆ ಹೋಗಿ, ಎಂಎಲ್‌ಎ ಇಂಟರ್‌ನ್ಯಾಷನಲ್ ಬಿಬ್ಲಿಯಾಗ್ರಫಿ ತೆರೆಯಿರಿ, ಸಾಹಿತ್ಯದ ಬಗೆಗಿನ ಲೇಖನ, ಪುಸ್ತಕಗಳ ಸೂಚಿ ಅದು. ವಾಕ್ಯ ಬೇಡ. ಮೊದಲ ಸಾಲಿಗೆ ಫ್ರಾಂಕನ್‌ಸ್ಟೈನ್. ಎರಡನೇ ಸಾಲಿಗೆ ಸಾಲಿಟ್ಯೂಡ್, ಐಸೊಲೇಶನ್, ಲೋನ್ಲಿನೆಸ್. ಇವುಗಳ ನಡುವೆ ಆರ್ (OR, ಯಾವುದಾದರೊಂದು ಇದ್ದರೆ ಸಾಕು). ಎರಡು ಸಾಲಿನ ನಡುವೆ ಆ್ಯಂಡ್ (AND, ಎರಡೂ ಇರಬೇಕು). ಆಮೇಲೆ ಪೀರ್ ರಿವ್ಯೂಡ್ ಟಿಕ್ ಮಾಡಿ. ಒಂದು ಒಳ್ಳೆ ಲೇಖನ ಸಿಕ್ಕರೆ ಸಾಕು, ಅದರ ಸಬ್ಜೆಕ್ಟ್ ಪದಗಳನ್ನು ಒತ್ತುತ್ತಾ ಹೋಗಿ. ಪುಸ್ತಕಗಳನ್ನು ವಿಷಯವಾರು ಡ್ಯೂಯಿ ನಂಬರಿನಲ್ಲಿ ಜೋಡಿಸಿಟ್ಟ ಲೈಬ್ರರಿಯಾದರೆ 823.7 ರ‍್ಯಾಕನ್ನೂ ನೋಡಿ. ವಿಮರ್ಶೆ ಪುಸ್ತಕದ ಹಿಂದಿನ ಗ್ರಂಥಸೂಚಿಯಲ್ಲೇ ಅರ್ಧ ಕೆಲಸ ಮುಗಿಯುತ್ತದೆ.

ಹಳೇಮುದ್ರಣ: ಅದಿರಲಿ, 1818ರ ಮುದ್ರಣವೋ 1831ರದ್ದೋ? ಮೇರಿ ಶೆಲ್ಲಿ 1831ರದ್ದರಲ್ಲಿ ಸಾಕಷ್ಟು ತಿದ್ದಿದ್ದಾರೆ. 1818ರದ್ದು ಮೂರು ಸಂಪುಟ, ಪ್ರತಿ ಸಂಪುಟದಲ್ಲೂ ಅಧ್ಯಾಯ ಒಂದರಿಂದ ಶುರು. 1831ರದ್ದರಲ್ಲಿ ಒಟ್ಟಿಗೆ 24. ವಿಮರ್ಶಕರು ಒಂದನ್ನು ಹೇಳುತ್ತಿದ್ದರೆ ನೀವು ಇನ್ನೊಂದರಲ್ಲಿ ಹುಡುಕುತ್ತಿರುತ್ತೀರಿ.

ಅಡಿಟಿಪ್ಪಣಿ: ಪದವಿ ಪೇಪರ್‌ಗೆ ಇಷ್ಟೆಲ್ಲಾ ಬೇಕಾ? ಸುಮ್ನೆ ಹೆದರಿಸಬೇಡಿ. ಜೆಸ್ಟೋರ್ ಸಾಕು.

ಹಳೇಮುದ್ರಣ: ಎಷ್ಟೋ ಜರ್ನಲ್‌ಗಳ ಈಚಿನ ಕೆಲವು ವರ್ಷದ ಸಂಚಿಕೆಗಳೇ ಜೆಸ್ಟೋರ್‌ನಲ್ಲಿ ಇರುವುದಿಲ್ಲ. ಸಾಕು ಅಂತೆ!

ಕೊನೆಬೆಂಚು: ಎಂಎಲ್‌ಎಯಲ್ಲಿ ಬಂತು! ಆದರೆ ಹೆಸರು, ವರ್ಷ ಅಷ್ಟೇ ಇದೆ. ಪಿಡಿಎಫ್ ಎಲ್ಲಿ?

ರ‍್ಯಾಕ್‌ಮೂಲೆ: ಅದು ಮುಖ್ಯವಾಗಿ ಸೂಚಿ. ಪಕ್ಕದಲ್ಲಿ ಫುಲ್ ಟೆಕ್ಸ್ಟ್ ಲಿಂಕ್ ಇದ್ದರೆ ಒತ್ತಿ. ಇಲ್ಲದಿದ್ದರೆ ಕೌಂಟರಿನಲ್ಲಿ ಇಂಟರ್‌ಲೈಬ್ರರಿ ಲೋನ್ (ಬೇರೆ ಲೈಬ್ರರಿಯಿಂದ ತರಿಸಿಕೊಳ್ಳುವುದು) ಕೇಳಿ. ಸಿಕ್ಕಿದ್ದನ್ನು ಈಗಿಂದಲೇ ಝೊಟೆರೊಗೆ (ಆಕರಗಳನ್ನು ಕೂಡಿಡುವ ಸಾಫ್ಟ್‌ವೇರ್) ಸೇರಿಸುತ್ತಾ ಹೋಗಿ.

ಅಡಿಟಿಪ್ಪಣಿ: ಝೊಟೆರೊ ಅಂದಿರಲ್ಲ, ನನ್ನದರಲ್ಲಿ ಪ್ರತಿ ಲೇಖನಕ್ಕೂ ಬಣ್ಣದ ಟ್ಯಾಗ್ ಇದೆ. ಓದಿದ್ದು ಹಸಿರು, ಜಗಳ ಆಡಬೇಕಾದ್ದು ಕೆಂಪು. ಎರಡು ಪರದೆ ಇಟ್ಟುಕೊಂಡಿದ್ದೇನೆ. ಬಣ್ಣ ಒಂಬತ್ತೇ ಕೊಡುತ್ತಾರೆ, ನನಗೆ ಸಾಲುವುದಿಲ್ಲ.

ಹಳೇಮುದ್ರಣ: ಹತ್ತನೆಯದು ಯಾವುದಕ್ಕೆ ಬೇಕಿತ್ತು?