ಅಂಗಡಿ, ಆಫೀಸಿನ ನೆಟ್ ಫೋನ್: ಕೇಳ್ರಿ, ಇಂಜಿನಿಯರ್ ಹೇಳ್ತಾರ

ವಿದ್ಯಾನಗರ ಕ್ಲಿನಿಕ್: ಸರ್, ಹೊಸಾ ರೌಟರ್ ಹಾಕಿದಾಗಿಂದ ನಮ್ಮ ಮಾತು ಪೇಶಂಟಿಗೆ ಕೇಳಸ್ತೈತಿ, ಅವರದು ನಮಗ ಕೇಳಸಂಗಿಲ್ಲ.

ಇಂಜಿನಿಯರ್: ರೌಟರಿನ್ಯಾಗ ಸಿಪ್ ಎಎಲ್‌ಜಿ (ನೆಟ್ ಫೋನಿನ ಮಾಹಿತಿ ನಡುವ ತಿದ್ದೋ ಸೆಟ್ಟಿಂಗ್) ಆಫ್ ಮಾಡಿ ರಿಸ್ಟಾರ್ಟ್ ಮಾಡ್ರಿ. ಭಾಳ ಸಲ ಅಲ್ಲಿಗೇ ಮುಗೀತೈತಿ.

ಗದಗ ಪ್ರೆಸ್: ನೆಟ್ ಫೋನಿನ್ಯಾಗ ಫ್ಯಾಕ್ಸ್ ಹೋಗತೈತೇನ್ರಿ?

ಗೋಕುಲ ರೋಡ್ ಬಿಡಿಭಾಗ: ದೊಡ್ಡ ಕಂಪನಿ ರೇಟ್ ಕಡಿಮಿ ಐತಿ. ಊರಾಗಿನ ಸಣ್ಣ ಕಂಪನಿ ಯಾಕ ತಗೋಬೇಕು?

ಇಂಜಿನಿಯರ್: ರೇಟಿನ್ಯಾಗ ಸಣ್ಣಾವ ಗೆಲ್ಲಂಗಿಲ್ಲ. ಲೈಸೆನ್ಸ್ ಇದ್ದ ಕಂಪನಿ ಲೈನನ್ನ ತಗೊಂಡು ನಿಮಗ ಕೊಡಾಂವ ಅವ. ಫೋನ್ ಬಂದ್ ಆದಾಗ ಬಂದು ನಿಲ್ಲೋದು, ಓಣಿ ಕೇಬಲ್‌ನವನ ಜೋಡಿ ಕೈ ಕೂಡಿಸಿರೋದು, ಇಷ್ಟ ಅವನ ಬಂಡವಾಳ. ಆದರ ಕಂಬದಿಂದ ಈಚೆ ಕೆಟ್ಟರ ಯಾರು ಬರಬೇಕು ಅಂತ ಕಾಗದದ ಮ್ಯಾಲೆ ಬರಿಸ್ಕೊಳ್ರಿ. 0836 ನಂಬರ್ ಯಾರ ಹೆಸರಿಗೆ ಐತಿ ಅಂತನೂ ಕೇಳ್ರಿ. ಮೊಬೈಲಿನಂಗ ಲ್ಯಾಂಡ್‌ಲೈನ್ ನಂಬರ್ ಬ್ಯಾರೆ ಕಂಪನಿಗೆ ಪೋರ್ಟ್ ಮಾಡಾಕ ಬರಂಗಿಲ್ಲ.

ಬ್ಯಾಡಗಿ ದಲಾಲಿ ಅಂಗಡಿ: ಸರ್, ರಾತ್ರಿ ಎರಡಕ್ಕ ಅಂಗಡ್ಯಾಗಿನ ಎಲ್ಲಾ ಫೋನೂ ಬಡಕೋತಾವು. ಡಿಸ್‌ಪ್ಲೇದಾಗ 100. ಪೊಲೀಸರಂತ ಗಾಬರಿಯಾಗಿ ಎತ್ತಿದ್ರ ಮಾತೇ ಇಲ್ಲ.

ಇಂಜಿನಿಯರ್: ಪೊಲೀಸರಲ್ಲ. ಇತ್ತೀಚಿಗೆ ರೌಟರಿನ್ಯಾಗ ಏನರ ಬದಲಿ ಮಾಡೀರೇನು?

ಬ್ಯಾಡಗಿ ದಲಾಲಿ ಅಂಗಡಿ: ಒಂದ ಕಡೆ ಧ್ವನಿ ಬರಲಿಲ್ಲಂದ್ರ ಪಿಬಿಎಕ್ಸ್‌ನ (ಅಂಗಡಿ ಫೋನೆಲ್ಲಾ ಕೂಡಿಸೋ ಪೆಟಗಿ) ರೌಟರಿನ ಡಿಎಂಜಡ್‌ನಾಗ ಹಾಕ್ರಿ ಅಂತ ಇದ ಗ್ರೂಪಿನ್ಯಾಗ ಫಾರ್ವರ್ಡ್ ಬಂದಿತ್ತು. ಹಾಕೀವಿ. ಧ್ವನಿ ಸರಿ ಆತು.

ಇಂಜಿನಿಯರ್: ಧ್ವನಿ ಸರಿ ಆತು, ಬಾಗಿಲಾನೂ ತೆರೀತು. ಡಿಎಂಜಡ್ ಅಂದ್ರ ಪೆಟಗಿನ ನೇರ ಇಂಟರ್‌ನೆಟ್ಟಿಗೆ ಬಿಟ್ಟಂಗ. ನೆಟ್ ಫೋನ್ ಬಳಸೋ ಬಾಗಿಲಾ, 5060 ಪೋರ್ಟ್, ತೆರೆದಿದ್ದು ಎಲ್ಲೈತಿ ಅಂತ ಹಗಲೂ ರಾತ್ರಿ ಹುಡಕೋ ಪ್ರೋಗ್ರಾಂ ಇರ್ತಾವು. 100, 1000, 1001 ಅಂತ ಸುಳ್ಳ ನಂಬರ್ ಹಾಕಿ ತಟ್ಟಿ ನೋಡ್ತಾವು. ಈಗ ಬರೇ ರಿಂಗ್. ಎಕ್ಸ್‌ಟೆನ್ಶನ್ (ಒಳಗಿನ ಫೋನ್ ನಂಬರ್) 1001ಕ್ಕ ಪಾಸ್‌ವರ್ಡೂ 1001 ಇದ್ದರ ನಿಮ್ಮ ಲೈನಿನಿಂದನ ಹೊರದೇಶದ ದುಬಾರಿ ನಂಬರಿಗೆ ರಾತ್ರಿಯೆಲ್ಲಾ ಕಾಲ್ ಹಚ್ಚತಾರ. ಆ ರೊಕ್ಕದಾಗ ಅವರಿಗೆ ಪಾಲು, ಬಿಲ್ ನಿಮಗ. ಅಂಗಡಿ ಮುಚ್ಚಿದ್ದ ರಾತ್ರಿ, ರಜಾ ದಿನಾನ ನೋಡಿ ಮಾಡ್ತಾರ. ಈಗಿಂದೀಗ ಡಿಎಂಜಡ್ ತಗೀರಿ. ಫೋನ್ ಕಂಪನಿ ಐಪಿ (ನೆಟ್ ವಿಳಾಸ) ಒಂದಕ್ಕ ಬಿಟ್ಟು 5060 ಮುಚ್ಚರಿ. ಎಲ್ಲಾ ಪಾಸ್‌ವರ್ಡ್ ಬದಲ ಮಾಡ್ರಿ. ಕಂಪನಿಗೆ ಫೋನ್ ಮಾಡಿ ಐಎಸ್‌ಡಿ ಬಂದ್ ಮಾಡಸ್ರಿ. ಆಮ್ಯಾಲೆ ಕಾಲ್ ಲಾಗ್ ನೋಡಿ ಹೊರಗ ಏನರ ಹೋಗೈತೇನು ಹೇಳ್ರಿ.

ರಾಣೆಬೆನ್ನೂರು ಬೀಜ: ಆ ಫಾರ್ವರ್ಡ್ ನಾನ ಹಾಕಿದ್ದು. ನಮ್ಮಲ್ಲೆ ಏನೂ ಆಗಿಲ್ಲ.

ಇಂಜಿನಿಯರ್: ಬಿಲ್ ಇನ್ನೂ ಬಂದಿಲ್ಲ ಅಷ್ಟ. ಅದನ್ನ ಡಿಲೀಟ್ ಮಾಡ್ರಿ. ಇನ್ನ ಯಾರೂ ಕಳಸಬ್ಯಾಡ್ರಿ.

ನವನಗರ ಟ್ರಾವೆಲ್ಸ್: ನಮಗೂ ಒಂದ ಕಡೆ ಧ್ವನಿ ಇಲ್ರಿ, ಏನ್ ಮಾಡ್ಲಿ?

ಇಂಜಿನಿಯರ್: ಮ್ಯಾಲೆ ಓದ್ರಿ.

ಗೋಕುಲ ರೋಡ್ ಬಿಡಿಭಾಗ: ಕೈ ಕೂಡಿಸ್ಯಾರಂತ! ಕೇಬಲ್‌ನವ ಫೋನ್ ಕಂಪನಿ ಕಡೆ ಬೊಟ್ಟು ಮಾಡ್ತಾನ, ಅವರು ಇವನ ಕಡೆ.

ಧಾರವಾಡ ಕೇಬಲ್: ಮಳ್ಯಾಗ ಕಂಬಾ ಹತ್ತೋರು ನಾವ್ರೀ. ಫೋನಿಗೆ ಅಂತ ನಮಗ ಎಷ್ಟ ಕೊಡ್ತಾರ ಕೇಳೀರೇನು?

ಗೋಕುಲ ರೋಡ್ ಬಿಡಿಭಾಗ: ಹತ್ತೀರಿ, ಎರಡ ದಿನಾ ಬಿಟ್ಟು.

ಧಾರವಾಡ ಕೇಬಲ್: ಮೊದ್ಲ ಬಾಕಿ ಕೊಡ್ರಿ, ಆಮ್ಯಾಲೆ ಮಾತಾಡ್ರಿ.

ಅಡ್ಮಿನ್: ಇಬ್ಬರೂ ಸಾಕ್ ಮಾಡ್ರಿ.

ಗದಗ ಪ್ರೆಸ್: ಫ್ಯಾಕ್ಸಿಂದು ಯಾರರ ಹೇಳ್ರಿ.

ಕ್ಲಬ್ ರೋಡ್ ಕೋಚಿಂಗ್: ಧ್ವನಿ ಒಂದ ಕಡೆ...

ಇಂಜಿನಿಯರ್: ಎಎಲ್‌ಜಿ! ಎಷ್ಟ ಸಲ ಹೇಳ್ಬೇಕ್ರಿ?

ಬ್ಯಾಡಗಿ ದಲಾಲಿ ಅಂಗಡಿ: ಎಲ್ಲಾ ಮಾಡೀನಿ ಸರ್. ಲಾಗ್ ಸ್ವಚ್ಛ ಐತಿ, ಹೊರಗ ಏನೂ ಹೋಗಿಲ್ಲ. ಸೆಟ್ಟಿಂಗ್ ಫೋಟೋ ಹಾಕೀನಿ, ನೋಡ್ರಿ.

ಇಂಜಿನಿಯರ್: ಅಣ್ಣಾ, ಫೋಟೋ ತಗೀರಿ ಮೊದ್ಲ. ಹೊಸಾ ಪಾಸ್‌ವರ್ಡ್ ಅದರಾಗ ಕಾಣಾಕತ್ತೈತಿ.